ಬುಧವಾರ ಬರುವ ಡಾಕ್ಟರ ವ್ಯಾನು

ಜಯನಗರದಿಂದ ಎರಡು ಬಸ್ಸು ಬದಲಿಸಿ ಬೊಮ್ಮನಹಳ್ಳಿಗೆ ಹೋಗಿ, ಮನೆಮನೆಯಲ್ಲೂ ಆರೋಗ್ಯ, ಉದ್ಯೋಗದ ಸರ್ವೆ ಮಾಡುವುದು ನನ್ನ ಕೆಲಸ. ಈ ವಯಸ್ಸಿಗೆ ಮಂಡಿ ನನ್ನ ಮಾತು ಕೇಳುವುದಿಲ್ಲ. ಆದರೂ ಹೋಗುತ್ತೇನೆ.

ಮೊದಲ ಸಲ ಅಲ್ಲಿನ ಒಂದು ಬೀದಿಗೆ ಸರ್ವೆಯವರಾದ ನಾವು ಹೋದದ್ದು ಆಫೀಸಿನ ವೇಳೆಯಲ್ಲಿ. ತೆರೆದ ಮನೆಗಳಲ್ಲಿ ಅಜ್ಜಿಯರಿದ್ದರು. ಬೀಗ ಹಾಕಿದ ಮನೆಗಳನ್ನು ಬಿಟ್ಟು ಮುಂದೆ ನಡೆದೆವು. ಆ ಬೀದಿಯಲ್ಲಿ ದುಡಿಯುವ ಹೆಂಗಸರೇ ಇಲ್ಲವೆಂದು ವರದಿ ಬಂತು. ಅವರೆಲ್ಲ ಬೆಳಗಾಗುತ್ತಲೇ ಗಾರ್ಮೆಂಟ್ಸ್‌ಗೆ ಹೋಗಿರುತ್ತಾರೆ ಎಂಬುದು ಇಷ್ಟು ಓದಿದ ನಮಗ್ಯಾರಿಗೂ ಹೊಳೆಯಲಿಲ್ಲ. ಆಮೇಲೆ ಆಫೀಸಿನಲ್ಲಿ ಜಗಳವಾಡಿ ಭಾನುವಾರ ಹೋದೆ.

ಭಾನುವಾರ ಆ ಬೀದಿಗೆ ಬಟ್ಟೆ ಒಗೆಯುವ ದಿನ. ಒಬ್ಬಳು ಕಲ್ಲಿನ ಮುಂದೆ ನಿಂತು ಸೋಪು ಹಚ್ಚುತ್ತಲೇ ಉತ್ತರ ಕೊಟ್ಟಳು. ಆರೋಗ್ಯ ಚೆನ್ನಾಗಿದೆ ಎಂದಳು. ಪಕ್ಕದವಳು ಒಳಗೆ ಹೋದ ಮೇಲೆ ದನಿ ತಗ್ಗಿಸಿದಳು.

"ಒಂದಕ್ಕೆ ಹೋದ್ರೆ ಉರಿ ಮೇಡಂ, ಜ್ವರಾನೂ ಬರುತ್ತೆ. ಟಾಯ್ಲೆಟ್‌ಗೆ ಎದ್ರೆ ಸೂಪರ್‌ವೈಸರ್ ಬೈತಾನೆ ಅಂತ ನೀರೇ ಕುಡಿಯಲ್ಲ. ರಜಾ ಹಾಕಿದ್ರೆ ಕೆಲಸಕ್ಕೇ ಕುತ್ತು. ಸಂಜೆ ಏಳರ ಮೇಲೆ ಒಬ್ರು ಡಾಕ್ಟ್ರು ಸಿಗೋ ಹಾಗೆ ಮಾಡಿ, ಸಾಕು."

ಅದನ್ನು ಹಾಗೇ ಬರೆದುಕೊಂಡೆ. ಜೆ.ಪಿ. ನಗರದ ಆಫೀಸಿನಲ್ಲಿ ಎಲ್ಲರೂ ತಲೆದೂಗಿದರು. ಬೀದಿಗೆ ಡಾಕ್ಟರ ವ್ಯಾನು ಮಂಜೂರಾಯಿತು. ಅಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಮನೆಗೆ ಹೋಗುವಾಗ ಮೈಸೂರ್ ಪಾಕ್ ಕಟ್ಟಿಸಿಕೊಂಡೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ವ್ಯಾನು ಬಂದದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಜ್ಜಿಯರು ಬಿ.ಪಿ. ನೋಡಿಸಿಕೊಂಡು ಹೋದರು. ನಾನು ಆಫೀಸಿನ ಸಾಹೇಬರ ಹತ್ತಿರ ಹೋಗಿ, ಸಂಜೆ ಯಾಕೆ ಕಳಿಸಲಿಲ್ಲ ಎಂದು ಕೇಳಿದೆ.

"ಸಂಜೆ ಹೊತ್ತು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟ್ಕೊಂಡು ಯಾವ ಡಾಕ್ಟ್ರು ಬರ್ತಾರೆ ಮೇಡಂ? ನೀವೇ ಹೇಳಿ."

ಮೈಯೆಲ್ಲ ಉರಿಯುತ್ತಿತ್ತು, ಆದರೆ ಕಿರುಚುವಷ್ಟು ತ್ರಾಣ ಉಳಿದಿರಲಿಲ್ಲ. ಕೆಲವು ತಿಂಗಳಿಗೆ ವ್ಯಾನೂ ನಿಂತಿತು. ಈ ಬೀದಿಯ ಹೆಂಗಸರಿಗೆ ಆರೋಗ್ಯದ ಅರಿವಿಲ್ಲ, ಅದಕ್ಕೇ ಯಾರೂ ಬರಲಿಲ್ಲ ಎಂದು ಹೊಸ ವರದಿಯಾಯಿತು. ಅರಿವು ಮೂಡಿಸಲು ನನ್ನನ್ನೇ ಕಳಿಸಿದರು, ಅದೂ ಒಂದು ಸೋಮವಾರ.

ಬೀಗಗಳನ್ನು ನೋಡುತ್ತಾ ನಡೆದೆ. ಆ ಭಾನುವಾರ ಬಟ್ಟೆ ಒಗೆಯುತ್ತಿದ್ದವಳ ಮನೆಯ ಬಾಗಿಲು ಮಾತ್ರ ತೆರೆದಿತ್ತು. ಚಾಪೆಯ ಮೇಲೆ ಮಲಗಿದ್ದವಳು ನನ್ನನ್ನು ಕಂಡು ಎದ್ದು ಕೂತಳು. ಸೋಂಕು ಕಿಡ್ನಿಗೆ ಏರಿ ಆಸ್ಪತ್ರೆ ಸೇರಿದ್ದಳಂತೆ.

"ಕೆಲಸದಿಂದ ತೆಗೆದ್ಬಿಟ್ರು ಮೇಡಂ. ಬನ್ನಿ, ಕೂತ್ಕೊಳ್ಳಿ. ಇನ್ಮೇಲೆ ನೀವು ಯಾವತ್ತು ಬಂದ್ರೂ ಮನೇಲೇ ಇರ್ತೀನಿ."