ಪಾಮನಕಲ್ಲೂರಿನ ಮದುವೆ ಊಟದ ವರದಿ

ತಡೆಯಿರಿ, ಪುಟ ತಿರುಗಿಸಬೇಡಿ. ನನಗೆ ವರದಿಗಾರಿಕೆ ಕಲಿಸಿದ ಒಂದು ಸಾರಿನ ಪಾತ್ರೆಯ ಕಥೆ ಬರುತ್ತಿದೆ.

1993. ನಾನು ಮಸ್ಕಿಯಲ್ಲಿ ಜಿಲ್ಲಾ ಪತ್ರಿಕೆಯೊಂದರ ವರದಿಗಾರ. ಯಾರೂ ಕಲಿಸಿದ್ದಲ್ಲ, ಹಳೇ ಪೇಪರ್ ಓದಿ ಓದಿಯೇ ಬರೆಯಲು ಕಲಿತವನು. ಬರೆದದ್ದನ್ನು ಕವರಿಗೆ ಹಾಕಿ ಸಂಜೆಯ ರಾಯಚೂರು ಬಸ್ಸಿಗೆ ಕೊಟ್ಟರೆ ಮರುದಿನ ಅಚ್ಚಾಗುತ್ತಿತ್ತು.

ಆ ಬೇಸಿಗೆಯಲ್ಲಿ ಪಾಮನಕಲ್ಲೂರಿನ ಮದುವೆಯೊಂದರಲ್ಲಿ ಉಂಡವರಿಗೆ ವಾಂತಿ ಶುರುವಾಯಿತು. ಪುಣ್ಯಕ್ಕೆ ಎಲ್ಲರೂ ಚೇತರಿಸಿಕೊಂಡರು. ಆದರೆ ಎಣ್ಣೆ ಕೊಟ್ಟ ಮಸ್ಕಿಯ ಕಿರಾಣಿ ಅಂಗಡಿಯ ಅಮರಪ್ಪನೇ ಕಲಬೆರಕೆ ಮಾಡಿದ್ದಾನೆಂದು ಎಲ್ಲೆಡೆ ಮಾತು. ಅವನ ಅಂಗಡಿಗೆ ಕಲ್ಲೂ ಬಿದ್ದಿತ್ತು. ನಾನು ಅವನ ಹೆಸರು ಹಾಕಿಯೇ ಬರೆದೆ.

ಕಳಿಸುವ ಮುಂಚೆ ವೀರಭದ್ರಪ್ಪನವರಿಗೆ ತೋರಿಸಿದೆ. ಲಿಂಗಸುಗೂರು ಕೋರ್ಟಿನಲ್ಲಿ ವಕೀಲಿಕೆ ಮಾಡಿ ನಿವೃತ್ತರಾದವರು. ಊರಿಗೆಲ್ಲ ಸಲಹೆ ಹೇಳುವ ‘ವಕೀಲಸಾಬ್ರು’.

“ಅಮರಪ್ಪ ಏನಂತಾನ?” ಎಂದರು.

“ಕೇಳಿಲ್ರಿ. ಬಸ್ಸಿಗೆ ಹೊತ್ತಾಗೇತ್ರಿ.”

“ಬಸ್ ನಾಳೆನೂ ಬರ್ತೈತಿ ತಮ್ಮಾ. ಅವನ ಮಾನ ಬರ್ತೈತೇನು?”

ಅಂಗಡಿಗೆ ಹೋದೆ. ಅಮರಪ್ಪ ಕೈ ಮುಗಿದ. “ಬರ್ರಿ ಪೇಪರ್ನವ್ರ! ನೀವೊಬ್ರು ಬಾಕಿ ಇದ್ರಿ. ಕಲ್ಲು ತಂದೀರೋ, ಇಲ್ಲೇ ಆರಿಸ್ಕೋತೀರೋ? ಅದೇ ಡಬ್ಬಿ ಎಣ್ಣ್ಯಾಗ ನಮ್ಮನ್ಯಾಗೂ ಭಜಿ ಕರದೀವಿ. ಯಾರಿಗೇನಾಗೇತಿ? ಮದ್ವಿಮನಿ ಪಾತ್ರಿ ನೋಡೀರೇನು?”

ಸೈಕಲ್ ಹತ್ತಿ ಪಾಮನಕಲ್ಲೂರಿಗೆ ಹೊರಟೆ. ಚಪ್ಪರದಲ್ಲಿ ಹಿತ್ತಾಳೆಯ ದೊಡ್ಡ ಪಾತ್ರೆಗಳಿನ್ನೂ ಬಿದ್ದಿದ್ದವು. ಒಳಗಿನ ಕಲಾಯಿ, ಅಂದರೆ ತವರದ ಲೇಪ, ಪೂರ್ತಿ ಸವೆದು ಹಸಿರು ಕಿಲುಬು ಹಿಡಿದಿತ್ತು. ಬೆಳಿಗ್ಗೆ ಮಾಡಿದ ಹುಳಿಸಾರು ಮಧ್ಯಾಹ್ನದವರೆಗೂ ಅದರಲ್ಲೇ ಇತ್ತೆಂದು ಅಡುಗೆಯವರು ಹೇಳಿದರು. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ನಿಂತರೆ ಹೀಗಾಗುತ್ತದೆಂದು ವಾಂತಿಯಾದವರನ್ನು ನೋಡಿದ ಆಸ್ಪತ್ರೆಯ ಡಾಕ್ಟರೂ ಖಚಿತಪಡಿಸಿದರು. ಪಾತ್ರೆಯ ಕಂಠದ ಮೇಲೆ ಒಡೆಯರ ಹೆಸರು ಕೆತ್ತಿದ್ದರು: ಮದುವೆಗಳಿಗೆ ಪಾತ್ರೆ ಕೊಡುವ ಮಸ್ಕಿಯ ಸೇವಾ ಸಮಿತಿ. ಅದರ ಗೌರವ ಸಲಹೆಗಾರರು ನಮ್ಮ ವಕೀಲಸಾಬರೇ!

ನೇರ ಅವರ ಮನೆಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ.

“ಬರೀ ಸಮಿತಿ ಅಂತ ಬರೀತೀನ್ರಿ. ನಿಮ್ಮ ಹೆಸರು ಬ್ಯಾಡ್ರಿ.”

“ಅಮರಪ್ಪನ ಹೆಸರು ಬರ್ದಿದ್ದಿಲ್ಲೇನು? ಪೆನ್ ತೆಗಿ. ಕಲಾಯಿ ಮಾಡ್ಸಿ ವರ್ಷದ ಮ್ಯಾಲಾತು. ಮಾಡಸ್ರಿ ಅಂತ ಹೇಳೂದು ನನ್ನ ಕೆಲಸ ಇತ್ತು. ಹೇಳಲಿಲ್ಲ. ಹಂಗ ಬರಿ.”

ಒಳಗಿನಿಂದ ಅವರ ಹೆಂಡತಿ ಕೂಗಿದರು: “ಈ ವಯಸ್ಸಿನ್ಯಾಗ ಪೇಪರ್‌ನ್ಯಾಗ ಬರೋ ಹುಚ್ಚು ನೋಡವ್ವಾ!”

ವರದಿ ಅವರ ಹೆಸರಿನೊಂದಿಗೇ ಅಚ್ಚಾಯಿತು. ಆ ದಿನ ಬೆಳಿಗ್ಗೆ ವಕೀಲಸಾಬರು ಸಂತೆಯ ಜನರ ಎದುರಿಗೇ ಅಮರಪ್ಪನ ಅಂಗಡಿಯ ಕಟ್ಟೆ ಮೇಲೆ ಕುಳಿತು, “ಒಂದು ಕಿಲೋ ಎಣ್ಣಿ ಕೊಡಪ್ಪಾ” ಎಂದರು. ಅಮರಪ್ಪ ಎಲ್ಲರಿಗೂ ಕಾಣುವಂತೆ ಅಳೆದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಮತ್ತೆ ಗಿರಾಕಿಗಳು.

ಹಿರಿಯರ ಸಲಹೆಗೆ ತೂಕ ಬರುವುದು ವಯಸ್ಸಿನಿಂದಲ್ಲ, ಅದು ತಮ್ಮ ಮೇಲೇ ತಿರುಗಿದಾಗಲೂ ಅವರು ಕದಲದೆ ನಿಂತಾಗ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಿಮ್ಮ ಉದ್ಯೋಗದಲ್ಲೂ ಅಂಥವರೊಬ್ಬರು ಸಿಕ್ಕಿರಬೇಕಲ್ಲ? ಏನಾಯಿತೆಂದು ನಾಲ್ಕು ಸಾಲು ಬರೆದು ಕಳಿಸಿ, ನನಗೂ ಓದುವ ಆಸೆ.