ಕಂಕುಳಿಂದ ಬಂದ ರೋಬೋ, ಅತ್ತೆಯ ದನಿ

ನನ್ನ ಥೈರಾಯ್ಡ್ ಗ್ರಂಥಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಸಿಕ್ಕಾಗ ಚೆನ್ನೈನ ನಮ್ಮ ವೆಸ್ಟ್ ಮಾಂಬಲಂ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಂಗಾಲಾದವರು ಅತ್ತೆ, ಅಪ್ಪನ ಅಕ್ಕ. ನನ್ನ ಪ್ರಾಣದ ಚಿಂತೆಯಲ್ಲ, ಮದುವೆಯ ಚಿಂತೆ.

"ಕುತ್ತಿಗೆ ಕೊಯ್ಸಿಕೊಂಡೋನಿಗೆ ಹೆಣ್ಣು ಯಾರು ಕೊಡ್ತಾರೆ? ಅದೇನೋ ರೋಬೋ ಬಂದಿದೆಯಂತಲ್ಲ, ಕಂಕುಳಿಂದ ತೆಗೆಯತ್ತಂತೆ. ಅದನ್ನೇ ಮಾಡಿಸ್ಕೋಡಾ."

ಈ ಶತಮಾನದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಊರಿಗೇ ಅದು ಹೊಸದು. ನನ್ನ ದಿಗಿಲು ಬೇರೆ. ಓದು ತಲೆಗೆ ಹತ್ತಿರಲಿಲ್ಲ, ಮುಖವೂ ಅಷ್ಟಕ್ಕಷ್ಟೇ. ಇದ್ದ ಆಸ್ತಿ ಗಂಟಲೊಂದೇ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದೆ. ಬ್ಯಾಂಕ್ ಮ್ಯಾನೇಜರು, ರೈಲ್ವೆ ಅನೌನ್ಸ್‌ಮೆಂಟು, ಎಲ್ಲಕ್ಕೂ ಮೇಲೆ ಅತ್ತೆ. ತರಕಾರಿಯವನೊಂದಿಗೆ ತಮಿಳಲ್ಲಿ ಶುರುವಾಗಿ, ಕೋಪ ಬಂದೊಡನೆ ಕನ್ನಡಕ್ಕೆ ಹಾರಿ, ಕೊನೆಗೆ ಕುಕ್ಕರಿನ ಸೀಟಿಯಂತೆ ಏರುವ ದನಿ. ಚಪ್ಪಾಳೆಯೆಲ್ಲ ಅದಕ್ಕೇ. ಅತ್ತೆ ಮುಂದಿನ ಸಾಲಿನಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಿದ್ದರು.

ಸರ್ಜನ್ ತಮಿಳಲ್ಲಿ ನೇರವಾಗಿ ಹೇಳಿದರು: ದನಿಯ ನರಗಳು ಗ್ರಂಥಿಯ ಪಕ್ಕದಲ್ಲೇ ಹಾದುಹೋಗುತ್ತವೆ, ಎಷ್ಟು ಜಾಗ್ರತೆ ವಹಿಸಿದರೂ ಮೇಲಿನ ಸ್ವರ ಹೋಗಬಹುದು.

"ರೋಬೋಗೆ ಅದೆಲ್ಲ ಗೊತ್ತಿರಲ್ವಾ ಸಾರ್?"

"ಅದಕ್ಕೇನು ಗೊತ್ತು ತಂಬಿ? ಅತ್ತ ಕೂತು ನಾನು ಕೈ ಆಡಿಸಿದ ಹಾಗೆ ಅದು ಆಡಿಸತ್ತೆ."

ಅಂದರೆ ಅದೂ ನಮ್ಮ ಕಸುಬಿನದೇ. ಕೋಟಿಗಟ್ಟಲೆ ಬೆಲೆಯ ಮಿಮಿಕ್ರಿ ಕಲಾವಿದ.

ಆಪರೇಷನ್ ಆಯಿತು. ಕುತ್ತಿಗೆಗೆ ಗೀರೂ ಇಲ್ಲ. ಬಾಯಿಬಿಟ್ಟರೆ ಮಾತ್ರ ತುಕ್ಕು ಹಿಡಿದ ಗೇಟಿನ ದನಿ. ನೋಡಲು ಬಂದ ಅತ್ತೆ ಗದರಿದರು: "ಆಸ್ಪತ್ರೇಲೂ ಬಿಡಲ್ವಾ? ಯಾರನ್ನೋ ಅಣಕಿಸ್ತಿರೋದು?" ನಿಜವಾದ ದನಿ ಎಂದು ನಂಬಿಸಲು ನರ್ಸೇ ಬರಬೇಕಾಯಿತು.

ತಿಂಗಳುಗಳಲ್ಲಿ ಗಂಟಲು ತಿಳಿಯಾಯಿತು. ಮ್ಯಾನೇಜರು ಬಂದರು, ರೈಲೂ ಬಂತು. ಅತ್ತೆ ಬರಲಿಲ್ಲ. ಬಚ್ಚಲುಮನೆಯಲ್ಲಿ ಎಷ್ಟು ಕಸರತ್ತು ಮಾಡಿದರೂ ಸೀಟಿಯ ಜಾಗದಲ್ಲಿ ಬರೀ ಗಾಳಿ. ಮುಂದಿನ ಕಾರ್ಯಕ್ರಮದಲ್ಲಿ ಅವರನ್ನು ಕೈಬಿಟ್ಟೆ.

ಕಾರ್ಯಕ್ರಮ ಮುಗಿಸಿ ಮನೆಗೆ ಬಂದವರೇ ಅತ್ತೆ ಅಮ್ಮನ ಮುಂದೆ ಶುರುಮಾಡಿದರು. "ಊರೋರನ್ನೆಲ್ಲ ಮಾಡ್ದ, ನನ್ನೊಬ್ಬಳನ್ನ ಬಿಟ್ಟ. ನಾನೇನು ಅನ್ಯಾಯ ಮಾಡಿದ್ದೆ ಇವನಿಗೆ?"

"ಅತ್ತೆ, ಬಿಟ್ಟಿದ್ದಲ್ಲ. ನಿಮ್ಮಷ್ಟು ಮೇಲಕ್ಕೆ ಈಗ ನನಗೆ ಹೋಗಕ್ಕಾಗಲ್ಲ."

ಅವರು ನನ್ನ ನುಣುಪಾದ ಕುತ್ತಿಗೆಯನ್ನು ತುಂಬಾ ಹೊತ್ತು ನೋಡಿದರು.

"ಪರವಾಗಿಲ್ಲ, ಕೆಳಗಿನ ದನೀಲೇ ಮಾಡೋ. ವಯಸ್ಸಾಗ್ತಾ ನಂದೂ ಇಳಿಯತ್ತೆ."

ಕಾಯುತ್ತಿದ್ದೇನೆ. ಅವರದು ಇನ್ನೂ ಇಳಿದಿಲ್ಲ.