ನೋವನ್ನು ಬಾಯಿಬಿಟ್ಟು ಹೇಳಿದ ಐಲ್ಸಾ

ಐಲ್ಸಾ ಪ್ರಿಡೋ ಹೋದ ತಿಂಗಳು ತೀರಿಕೊಂಡಳು. ಡಾರ್ಲಿಂಗ್ ನದಿಯ ಎರಡೂ ದಡದ ಶೆಡ್ಡುಗಳಲ್ಲಿ ಅವಳ ಜೊತೆ ಕುರಿಯ ಉಣ್ಣೆ ಕತ್ತರಿಸಿದವರೆಲ್ಲ ಮಣ್ಣಿಗೆ ಬಂದಿದ್ದರು. ಅವರಲ್ಲಿ ನೆಟ್ಟಗೆ ನಿಲ್ಲಬಲ್ಲವರು ಕಡಿಮೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವಳು ಈ ಕೆಲಸ ಮಾಡಿದಳು, ಆಮೇಲೆ ಎಷ್ಟೋ ಹುಡುಗಿಯರಿಗೆ ಕಲಿಸಿದಳು. ಅವಳಿಲ್ಲ ಎನ್ನುವುದು ಇನ್ನೂ ನಾಲಿಗೆಗೆ ಒಗ್ಗಿಲ್ಲ. ಆ ದಿನ ಎಲ್ಲರ ಬಾಯಲ್ಲೂ ಬಂದದ್ದು ಅವಳ ಮೊದಲನೆಯ ವಾರದ ಕಥೆ.

ಅದಕ್ಕೂ ಮೊದಲು ಅವಳು ಶೆಡ್ಡಿನಲ್ಲಿ ಉಣ್ಣೆ ಎತ್ತಿ ಮೇಜಿನ ಮೇಲೆ ಹರಡುವ ಕೆಲಸಕ್ಕಿದ್ದಳು. ದಿನದ ನಾಲ್ಕು ಪಾಳಿಗಳಲ್ಲಿ ಒಂದು ಮುಗಿದು ಗಂಟೆ ಬಾರಿಸಿದಾಗ ಯಾರದಾದರೂ ಕುರಿ ಅರ್ಧಕ್ಕೆ ಉಳಿದಿದ್ದರೆ, ಅದನ್ನು ಮುಗಿಸಲು ಕಲಿಯುವವರಿಗೆ ಬಿಡುವುದು ವಾಡಿಕೆ. ಲೆಕ್ಕ, ಕೂಲಿ ಮಾತ್ರ ಶುರು ಮಾಡಿದವನದೇ. ಹೀಗೆ ಗಂಡಸರು ಚಹಾಕ್ಕೆ ಹೋದ ಮೇಲೆ ಅವರ ಕುರಿಗಳ ಮೇಲೆಯೇ ಐಲ್ಸಾ ಕೈ ಪಳಗಿಸಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಕತ್ತರಿಸುವವರ ಸಾಲಿನಲ್ಲಿ ತನ್ನದೇ ಒಂದು ಜಾಗ.

ಆ ಜಾಗ ಕೊಡಬೇಕಾದವನು ತಂಡದ ಮೇಸ್ತ್ರಿ ಕ್ಲೆಮ್. ಒಬ್ಬ ಆಳು ಕೈಕೊಟ್ಟಿದ್ದರಿಂದ ಅವನಿಗೂ ಬೇರೆ ದಾರಿ ಇರಲಿಲ್ಲ.

"ಒಂದು ವಾರ ನಿಂತು ತೋರ್ಸು. ಆದ್ರೆ ನೋವು ಗೀವು ಅಂತ ನನ್ನ ಕಿವಿಗೆ ಬಿತ್ತೋ, ಸೀದಾ ಮೇಜಿಗೆ ವಾಪಸ್. ನಮ್ಮ ಗಂಡಸರು ಯಾರಾದ್ರೂ ನರಳಿದ್ದು ಕೇಳಿದೀಯಾ?"

"ಇಲ್ಲ. ಕುಂಟಿದ್ದು ನೋಡಿದೀನಿ," ಎಂದಳು ಐಲ್ಸಾ.

"ಬಾಯಿ ಜಾಸ್ತಿ ನಿಂಗೆ. ಸೋಮವಾರ ಬಾ."

ಅವಳ ಪಕ್ಕದ ಜಾಗ ಡೂಲಿಯದು. ಆ ಸೀಮೆಯಲ್ಲಿ ಅವನಷ್ಟು ಬೇಗ ಕತ್ತರಿಸುವವರು ಇರಲಿಲ್ಲ.

"ಏನಮ್ಮಾ ಪ್ರಿಡೋ, ಇದು ಬಿಸ್ಕತ್ತು ಬೇಯ್ಸೋ ಕೆಲಸ ಅಲ್ಲ. ಕುರಿ ಒದೀತದೆ."

"ನಿನ್ನ ಬಾಯಿಗಿಂತ ವಾಸಿ ಬಿಡು. ಅದು ಒದ್ದು ಸುಮ್ಮನಾಗ್ತದೆ."

ಸಾಲಿಗೆ ಸಾಲೇ ನಕ್ಕಿತು. ಗಂಟೆ ಬಾರಿಸಿತು. ಐಲ್ಸಾ ಕುರಿಯನ್ನು ಎಳೆದು ತಂದು, ಕುಂಡೆಯ ಮೇಲೆ ಕೂರಿಸಿ, ಮಂಡಿಗಳ ನಡುವೆ ಒತ್ತಿ ಹಿಡಿದು ಹೊಟ್ಟೆಯ ಉಣ್ಣೆಯಿಂದ ಶುರು ಮಾಡಿದಳು. ಡೂಲಿ ಎರಡನೆಯ ಕುರಿ ಮುಗಿಸುವಾಗ ಅವಳದು ಇನ್ನೂ ಒಂದಾಗಿರಲಿಲ್ಲ.

ಮಂಗಳವಾರ ಅವಳು ಮುಟ್ಟಾದಳು. ಕಿಬ್ಬೊಟ್ಟೆಯ ನೋವು, ಬಗ್ಗಿ ಬಗ್ಗಿ ಸೊಂಟದ ನೋವು, ಎರಡೂ ಕೂಡಿಕೊಂಡವು. ಹಲ್ಲು ಕಚ್ಚಿ ನಿಂತಳು. ಕಚ್ಚಿದಷ್ಟೂ ಭುಜ ಬಿಗಿಯಿತು, ಮುಷ್ಟಿ ಬಿಗಿಯಿತು, ಕೈಯಲ್ಲಿದ್ದ ಕತ್ತರಿ ಯಂತ್ರ ಜಾರಿ ಒಂದು ಹೆಣ್ಣುಕುರಿಯ ತೊಡೆ ಕೊಯ್ದುಬಿಟ್ಟಿತು. ಸೂಜಿ ದಾರ ತಂದು ಹೊಲಿಯುತ್ತಿದ್ದಾಗ ಕ್ಲೆಮ್ ಬಂದು ಎದುರು ನಿಂತ.

"ಮಾಲೀಕ ಉಣ್ಣೆ ಮಾತ್ರ ಕೇಳಿದಾನೆ. ಚರ್ಮ ಕೇಳಿಲ್ಲ."

ಬುಧವಾರ ಸಂಜೆ ಊಟದ ಹೊತ್ತಿಗೆ ಅವಳಿಗೆ ಬೆಂಚಿನ ಮೇಲೆ ಕೂರಲೂ ಆಗಲಿಲ್ಲ. ಅಡುಗೆಯ ನೆಲ್ ಹತ್ತಿರ ನಿಂತೇ ಕುರಿಮಾಂಸ ತಿಂದಳು.

"ಬಿಟ್ಬಿಡೇ, ಯಾಕೆ ಈ ಹಟ?" ಎಂದಳು ನೆಲ್.

"ಸಂಜೆ ಪಾಳಿಲಿ ಅವರ ಕೈ ನೋಡಿದೀಯಾ ನೆಲ್? ಬೆಳಿಗ್ಗೆ ನನ್ನ ಎಲ್ಲೋ ಬಿಟ್ಟು ಓಡ್ತಾರೆ. ಕೊನೇ ಗಂಟೆ ಹೊತ್ತಿಗೆ ಡೂಲಿಗೆ ಚಹಾದ ಲೋಟ ಹಿಡಿಯೋಕಾಗಲ್ಲ, ತುಳುಕ್ತದೆ. ನನ್ನ ಕೈ ಬೆಳಿಗ್ಗೆ ಹೆಂಗಿತ್ತೋ ಹಂಗೇ ಇರ್ತದೆ. ನಂಗೆ ಆಯಾಸ ನಿಧಾನಕ್ಕೆ ಬರ್ತದೆ. ನೋವು ಮಾತ್ರ ಎಲ್ಲರಿಗಿಂತ ಮುಂಚೆ ಬರ್ತದೆ."

"ಹಂಗಂದ್ರೆ?"

"ಮುಂಚೆ ಬಂದ್ರೆ ಒಳ್ಳೇದೇ ಅಲ್ವೇನೇ? ಕಾಲು ಬದಲಾಯಿಸು, ಸೊಂಟ ಸಡಿಲ ಬಿಡು ಅಂತ ಅದು ಹೇಳ್ತಿದೆ. ನಾನು ಬಾಯಿ ಮುಚ್ಚೋ ಗಲಾಟೇಲಿ ಅದರ ಬಾಯೂ ಮುಚ್ಚಿಸ್ತಿದೀನಿ."

ನೆಲ್ ಅವಳ ಮುಖ ನೋಡಿದಳು. "ಹೇಳ್ಕೊಂಡ್ರೆ ಜಾಗ ಹೋಗ್ತದಲ್ಲೇ."

"ಹೇಳದಿದ್ರೆ ಇನ್ನೆರಡು ಕುರಿ ಕೊಯ್ತೀನಿ. ಆಗ್ಲೂ ಹೋಗ್ತದೆ."

ಗುರುವಾರ ಬೆಳಿಗ್ಗೆ, ಮೊದಲ ಗಂಟೆಗೆ ಮುಂಚೆ, ಎಲ್ಲರೂ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಐಲ್ಸಾ ಗಟ್ಟಿಯಾಗಿ ಹೇಳಿದಳು:

"ನನ್ನ ಸೊಂಟ ಹಿಡ್ಕೊಂಡಿದೆ. ಮೊದಲ ಪಾಳಿ ನಿಧಾನಕ್ಕೆ ಮಾಡ್ತೀನಿ."

ಯಾರೂ ತಲೆಯೆತ್ತಲಿಲ್ಲ. ಇಂಥ ಮಾತು ಆ ಶೆಡ್ಡಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಕ್ಲೆಮ್ ದೊಡ್ಡಿಯ ತುಂಬ ನಿಂತಿದ್ದ ಕುರಿಗಳ ಕಡೆ ನೋಡಿದ, ಅವಳ ಕಡೆ ನೋಡಿದ. "ಸಂಜೆ ಮಾತಾಡೋಣ," ಎಂದ.

ಬಚ್ಚಿಡುವುದು ಏನೂ ಉಳಿಯದ ಮೇಲೆ ಅವಳಿಗೆ ಉಸಿರಾಡಲು ಸಲೀಸಾಯಿತು. ಕುರಿಯ ಭಾರವನ್ನು ಬೆನ್ನಿಗೆ ಬಿಡದೆ ತೊಡೆಗೆ ಒರಗಿಸಿಕೊಂಡಳು. ಎರಡು ಕುರಿಗಳ ನಡುವೆ ಮೇಲಿನ ತೊಲೆಗೆ ಜೋತುಬಿದ್ದು ಬೆನ್ನು ಎಳೆದುಕೊಂಡಳು.

"ಬಾವಲಿ ನೋಡ್ರೋ," ಎಂದ ಡೂಲಿ.

"ನೀನೂ ಜೋತುಬೀಳು. ಒಳ್ಳೇದಾಗ್ತದೆ."

"ಹೋಗೇ!"

ಕೊನೆಯ ಪಾಳಿಯಲ್ಲಿ ಡೂಲಿಯ ವೇಗ ಇಳಿದು ಅವಳ ವೇಗದ ಮಟ್ಟಕ್ಕೆ ಬಂತು. ಅವಳದು ಇಳಿದಿರಲಿಲ್ಲ. ಇಬ್ಬರೂ ಒಟ್ಟಿಗೆ ಕುರಿ ಎಳೆದು ತಂದರು. ಅರ್ಧಕ್ಕೆ ಬಂದಾಗ ಡೂಲಿಯ ಯಂತ್ರ ನಿಂತುಹೋಯಿತು. ಐಲ್ಸಾ ತಿರುಗಿ ನೋಡಿದಳು. ಅವನು ಕುರಿಯನ್ನು ಮಂಡಿಗಳ ನಡುವೆ ಹಿಡಿದುಕೊಂಡು ಬಗ್ಗಿದಲ್ಲೇ ಬಗ್ಗಿದ್ದ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಎಲ್ಲಿ ನೋವು ಡೂಲಿ?"

"ಏನಿಲ್ಲ. ನಿನ್ನ ಕೆಲಸ ನೋಡು."

"ಏಳು ಮತ್ತೆ."

ಅವನು ಏಳಲಿಲ್ಲ. ಕುರಿ ಒಮ್ಮೆ ಕೊಸರಿತು. ಡೂಲಿಯ ಬಾಯಿಂದ ಮಗುವಿನಂಥ ಸ್ವರ ಹೊರಟಿತು. "ಸೊಂಟ... ಅಯ್ಯೋ, ಆಗ್ತಿಲ್ಲ ಕಣೇ. ಒಂದು ವಾರದಿಂದ ಹಿಂಗೇ ಇದೆ."

ಐಲ್ಸಾ ತನ್ನ ಕುರಿ ಬಿಟ್ಟು ಅವನ ಕುರಿಯನ್ನು ಕೈಗೆ ತೆಗೆದುಕೊಂಡಳು. ಇಬ್ಬರು ಬಂದು ಅವನನ್ನು ಉಣ್ಣೆಯ ರಾಶಿಯ ಮೇಲೆ ಮಲಗಿಸಿದರು. ಅವಳು ಆ ಕುರಿಯನ್ನು ಮುಗಿಸಿ, ಡೂಲಿ ಕತ್ತರಿಸಿದವು ನಿಲ್ಲುವ ದೊಡ್ಡಿಗೇ ತಳ್ಳಿದಳು. ಅದು ಅವನ ಲೆಕ್ಕದ್ದು. ಆಮೇಲೆ ತನ್ನದನ್ನು ಹಿಡಿದು ತಂದು ಗಂಟೆಯವರೆಗೂ ಕತ್ತರಿಸಿದಳು.

ಗಂಟೆ ಬಾರಿಸಿದ ಮೇಲೆ ಕ್ಲೆಮ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಾನು ಹೇಳಿದ ಮಾತಿನ ಪ್ರಕಾರ ನಿಮ್ಮಿಬ್ಬರನ್ನೂ ಕಳಿಸ್ಬೇಕು."

"ಕಳಿಸು."

"ಕಳಿಸಿ? ಕುರಿ ನಾನು ಕತ್ತರಿಸ್ಲಾ?" ಅವನು ಮಲಗಿದ್ದ ಡೂಲಿಯನ್ನು ನೋಡಿದ. "ಒಂದು ವಾರದಿಂದ ಇತ್ತಂತೆ. ಮೊದಲೇ ಬಾಯಿ ಬಿಟ್ಟಿದ್ರೆ ಒಂದಿನ ಹೋಗ್ತಿತ್ತು. ಈಗ ಸೀಸನ್ನೇ ಹೋಯ್ತು." ಟೋಪಿಯನ್ನು ಮತ್ತೆ ತಲೆಗಿಟ್ಟು ಹೇಳಿದ, "ನಿನ್ನ ಜಾಗ ನೀನೇ ಇಟ್ಕೋ. ಮುಂದಿನ ಶೆಡ್ಡಲ್ಲೂ ಅಷ್ಟೇ."

ಐಲ್ಸಾ ಶೆಡ್ಡಿನ ಹಿಂದಕ್ಕೆ ಹೋಗಿ ನೀರಿನ ತೊಟ್ಟಿಗೆ ಮುಖ ಅದ್ದಿ ಬಹಳ ಹೊತ್ತು ನಿಂತಿದ್ದಳು ಎಂದು ನೆಲ್ ಹೇಳುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಎಣ್ಣೆ ಬಿಡುತ್ತಿದ್ದಾಗ ಸಾಲಿನ ಕೊನೆಯಲ್ಲಿದ್ದ ಮುದುಕ ವಾಲ್ ಕೆಮ್ಮಿದ. ಗೋಡೆಯ ಕಡೆ ಮುಖ ಮಾಡಿ, ಯಾರಿಗೂ ಅಲ್ಲ ಎಂಬಂತೆ ಹೇಳಿದ:

"ಎಡಗಡೆ ಮಂಡಿ. ಇವತ್ತು ಸ್ವಲ್ಪ ನಿಧಾನ ನಾನು."

ಯಾರೂ ನಗಲಿಲ್ಲ. ಆಚೆಯಿಂದ ಇನ್ನೊಬ್ಬ, "ನಂದು ಮಣಿಕಟ್ಟು," ಎಂದ.

"ಆಯ್ತಾ? ಕುರಿಗಳನ್ನೂ ಒಂದ್ಸಲ ವಿಚಾರಿಸ್ಕೊಂಡು ಬರ್ಲಾ?" ಎಂದಳು ಐಲ್ಸಾ.

ಆಗ ಎಲ್ಲರೂ ನಕ್ಕರು, ಕ್ಲೆಮ್ ಕೂಡ. ಗಂಟೆ ಬಾರಿಸಿತು. ಅವಳು ದೊಡ್ಡಿಯ ಬಾಗಿಲು ತಳ್ಳಿ ಒಳಗೆ ಹೋದಳು.